ಅಕ್ಕ ‘ಬುಡು’ ಅಂದಾಗ ಇಳಿದ ಎಂಜಿನ್

ಬಸ್ ಡಿಪೋದ ಮೆಕ್ಯಾನಿಕ್ ಕೆಲಸದಿಂದ ನಾನು ನಿವೃತ್ತನಾದ ಮರುವರ್ಷದ ಮಾತು. ಬಡವನಹಳ್ಳಿಯ ಅಕ್ಕನ ಮನೆ ಅಂಗಳದಲ್ಲಿ ಭಾವನ ಹಳೆಯ ಅಂಬಾಸಿಡರ್ ನಿಂತಿತ್ತು. ಮಧುಗಿರಿ, ಕೊರಟಗೆರೆಗಳಿಗೆ ಎಷ್ಟೋ ಮದುವೆಗಳ ಜನವನ್ನು ಹೊತ್ತ ಬಾಡಿಗೆ ಕಾರು. ಬಾಗಿಲು ತೆಗೆದರೆ ಆಗಲೂ ಪೆಟ್ರೋಲು, ಬಾಡಿದ ಮಲ್ಲಿಗೆ ಎರಡರ ವಾಸನೆಯೂ ಬರುತ್ತಿತ್ತು. ಮಲ್ಲಿಗೆ ನನ್ನ ಕಲ್ಪನೆಯೂ ಇರಬಹುದು.

ಪಿಸ್ಟನ್ ಹಿಡಿದುಕೊಂಡು ಎಂಜಿನ್ ಜಾಮ್ ಆಗಿತ್ತು. ಬಿಚ್ಚಿ ರಿಪೇರಿ ಮಾಡೋಣವೆಂದು ಭಾವ, ಗುಜರಿಗೆ ಹಾಕೋಣವೆಂದು ಅಕ್ಕ.

“ಇವತ್ತು ಎಂಜಿನ್ ಈಚೆಗ್ ಬಂದ್ರೆ ಕಾರು ನಿಮ್ದು. ಇಲ್ದಿದ್ರೆ ಸಂಜಿಕೆ ಗುಜರಿಯೋನ್ದು,” ಎಂದಿದ್ದಳು.

ನಮ್ಮ ಕಸುಬಿನಲ್ಲಿ ಎಂಜಿನ್ ‘ಇಳಿಸುವುದು’ ಎನ್ನುತ್ತೇವೆ. ಮಾಡುವುದು ಮಾತ್ರ ಎತ್ತುವ ಕೆಲಸ. ಡಿಪೋದಲ್ಲಿ ಅದಕ್ಕೆ ಕ್ರೇನ್ ಇತ್ತು. ಇಲ್ಲಿ ಬೋರ್‌ವೆಲ್ಲಿನ ಮೋಟಾರ್ ಎತ್ತುವ ಪಾವಗಡದ ಓಬಳೇಶನನ್ನು ಕರೆಸಿದೆವು. ಅವನು ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿದ. ನಾನು ಬಾನೆಟ್, ರೇಡಿಯೇಟರ್ ತೆಗೆದೆ. ವೈರು, ಸೈಲೆನ್ಸರ್ ಪೈಪು, ಬೋಲ್ಟುಗಳನ್ನು ಬಿಚ್ಚಿ ಗೇರ್‌ಬಾಕ್ಸಿಗೆ ಜ್ಯಾಕ್ ಕೊಟ್ಟೆ. ಇನ್ನು ಎಂಜಿನ್ ಮುಂದಕ್ಕೆ ಜಾರಿ ಗೇರ್‌ಬಾಕ್ಸಿನ ಶಾಫ್ಟಿನಿಂದ ಕಳಚಿಕೊಳ್ಳಬೇಕು. ಕಳಚಲಿಲ್ಲ. ಓಬಳೇಶ ಇನ್ನಷ್ಟು ಎಳೆದ. ಕಾರಿನ ಮೂತಿಯೇ ಮೇಲೆದ್ದಿತು.

“ದೇವುಡಾ! ಎಂಜಿನ್ ಅಂದ್ರಿ, ಕಾರೇ ಬತ್ತೈತಲ್ಲಣ್ಣೋ!”

“ಎಳಿಯಲೇ, ಬೋರ್‌ವೆಲ್ ಮೋಟ್ರು ಬರೋ ಗಂಟ ಎಳೀತೀಯ, ಇದುಕ್ಕೆ ಸುಸ್ತಾ?” ಎಂದರು ಭಾವ, ಕಾರಿನ ಮುಂದೆ ನಿಂತು ಎಂಜಿನ್ನನ್ನು ತಬ್ಬಿ ಅಲುಗಿಸುತ್ತ.

ಬೇಸಿಗೆಯೆಂದು ನನ್ನ ನೆನಪು. ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದದ್ದೂ ನೆನಪಿದೆ. ಅವರೆ ಚಳಿಗಾಲದ್ದು, ಎರಡೂ ಒಟ್ಟಿಗೆ ನಿಜವಾಗಲಾರವು. ಅವಳು ಕೂಗಿದ್ದು ಮಾತ್ರ ಕಿವಿಯಲ್ಲಿದೆ:

“ಸಾಕು ಬುಡು ಅತ್ಲಾಗೆ! ಬುಡು!”

ಅವಳು ಹೇಳಿದ್ದು, ಕಾರಿನ ಆಸೆ ಬಿಡಿ ಎಂದು. ಆದರೆ ಮೋಟಾರ್ ಎತ್ತುವವರಲ್ಲಿ ‘ಬುಡು’ ಎಂದರೆ ಚೈನ್ ಸಡಿಲಿಸು. ಓಬಳೇಶ ಸಡಿಲಿಸಿದ. ಮೂತಿ ತಗ್ಗಿತು, ಬಾಗಿ ಕಚ್ಚಿಕೊಂಡಿದ್ದ ಶಾಫ್ಟು ನೇರವಾಯಿತು, ಎಂಜಿನ್ ಭಾವನ ಕಡೆಗೆ ಮೆಲ್ಲಗೆ ಜಾರಿಬಂತು.

ಈಗ ಕೇಳಿದರೆ ‘ಬುಡು’ ಅಂದದ್ದು ತಾನೇ ಎನ್ನುತ್ತಾರೆ ಭಾವ. ಒಮ್ಮೊಮ್ಮೆ ನನಗೂ ಅದು ನನ್ನದೇ ದನಿಯಂತೆ ಕೇಳಿಸುತ್ತದೆ. ಕಚ್ಚಿಕೊಂಡದ್ದನ್ನು ಎಳೆಯುವ ಮೊದಲು ಸಡಿಲ ಬಿಡಬೇಕೆಂಬ ಪಾಠವನ್ನು ಮೆಕ್ಯಾನಿಕ್ಕೇ ಹೇಳಿದನೆಂದರೆ ಕಥೆ ಒಪ್ಪವಾಗಿರುತ್ತದೆ. ಆದರೆ ಸಂಜೆ ಬಂದ ಗುಜರಿಯವನಿಗೆ ಅಕ್ಕ ಕೊಟ್ಟ ಉತ್ತರವನ್ನು ನಾವಿಬ್ಬರೂ ಕದಿಯಲಾರೆವು:

“ಹೋಗ್ಬಾರಪ್ಪ. ನಾನು ಬುಡು ಅಂದೆ, ಅದು ಬಂದ್ಬುಡ್ತು ಕಣಪ್ಪ!”