ಕಾವಲಿಯ ಮುಂದೆ ಅಳೆದ ಗಾಳಿ

ಹೊಗೆ ಕುಡಿದವರು ದೋಸೆ ಮಾಸ್ಟರ್. ಮಾಲೀಕರಲ್ಲ, ಗಿರಾಕಿಗಳಲ್ಲ, ಗಾಳಿ ಚೆನ್ನಾಗಿದೆಯೆಂದು ವರದಿ ಬರೆದುಕೊಟ್ಟ ಸಲಹೆಗಾರನೂ ಅಲ್ಲ. ಟಿ. ನಗರದ ಆ ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯಲ್ಲಿ ಹೊಗೆ ಎಳೆಯುವ ಫ್ಯಾನು ಕೆಟ್ಟು ಬಹಳ ಕಾಲವಾಗಿತ್ತು. ಅದರ ಕೆಳಗೆ, ಕಾವಲಿಯ ಮುಂದೆ, ಬೆಳಗಿನಿಂದ ನಿಲ್ಲುತ್ತಿದ್ದವರು ಉಡುಪಿ ಕಡೆಯ ಆ ಮನುಷ್ಯ. ಕೆಮ್ಮು ಬಂದರೆ ಹೊರಗೆ ಕೇಳಿಸದಂತೆ ಹೆಗಲ ಟವೆಲಿನೊಳಗೆ ಕೆಮ್ಮುತ್ತಿದ್ದರು.

ಕಾರ್ಮಿಕರ ಆರೋಗ್ಯಕ್ಕಾಗಿ ಕೆಲಸ ಮಾಡುವ ನಮ್ಮ ಸಣ್ಣ ಗುಂಪಿನ ಪರವಾಗಿ ನಾನು ಹೋದಾಗ ಮಾಲೀಕರು ಆ ವರದಿಯನ್ನು ಮುಂದಿಟ್ಟರು. ಸಲಹೆಗಾರ ಕ್ಯಾಶ್ ಕೌಂಟರ್, ಎ.ಸಿ. ಹಾಲ್, ಅಡುಗೆಮನೆ ಮೂರೂ ಕಡೆ ಗಾಳಿ ಅಳೆದು ಸರಾಸರಿ ತೆಗೆದಿದ್ದ. ಕುಳಿತು ಉಣ್ಣುವವರ ತಂಪು ಗಾಳಿಯನ್ನು ಬೆರೆಸಿ, ನಿಂತು ಬೇಯುವವರ ಉಸಿರನ್ನು ಕಾಗದದ ಮೇಲೆ ಶುದ್ಧಗೊಳಿಸುವುದು ಅನ್ಯಾಯ. ಅದನ್ನು ಅಲ್ಲೇ ಹೇಳಿದೆ. ಆದರೆ ನನಗೆ ಗೊತ್ತಿದ್ದದ್ದು ಹೇಳುವುದಷ್ಟೇ. ಅಳೆಯಲು ಬರುತ್ತಿದ್ದದ್ದು ನನ್ನ ಗೆಳತಿಗೆ.

ಮೈಸೂರಿನವಳು. ಕೆಲಸದ ಜಾಗದ ಅಪಾಯಗಳನ್ನು ಅಳೆಯುವುದೇ ಅವಳ ವೃತ್ತಿ. ಅದೇ ಊರಿನ ಪೆರುಂಗುಡಿಯಲ್ಲಿದ್ದ ತನ್ನ ಆಫೀಸಿಗೆ ರಜೆ ಹಾಕಿ ಬಂದವಳು ಮೊದಲು ಕೇಳಿದ್ದು ಯಂತ್ರವನ್ನಲ್ಲ, ಒಂದು ಖಾಲಿ ಪಾತ್ರೆಯನ್ನು. ಮುಂದಿನ ಎರಡು ತಿಂಗಳ ತಾರೀಖುಗಳನ್ನು ಚೀಟಿಗಳಲ್ಲಿ ಬರೆದು ಅದರೊಳಗೆ ಹಾಕಿದಳು.

"ಎಂತ ಮಾರಾಯ್ರೆ, ಲಕ್ಕಿ ಡ್ರಾವಾ?" ಮಾಲೀಕರು ನಕ್ಕರು.

"ಹೌದು ಸರ್. ಯಾವ ದಿನ ಅಳೀಬೇಕು ಅಂತ ನೀವೂ ಆರಿಸಬಾರದು, ನಾನೂ ಆರಿಸಬಾರದು. ಬಹುಮಾನ ಮಾಸ್ಟರಿಗೇ ಬರಲಿ."

ಚೀಟಿ ಬಂದ ದಿನಗಳಲ್ಲಿ ಮಾಸ್ಟರ ಸೊಂಟಕ್ಕೆ ಪುಟ್ಟ ಪಂಪನ್ನು ಕಟ್ಟುತ್ತಿದ್ದಳು. ಅದರಿಂದ ಹೊರಟ ಕೊಳವೆ ಅವರ ಕೊರಳಪಟ್ಟಿಗೆ ಬರುತ್ತಿತ್ತು. ಅವರು ಉಸಿರಾಡುವ ಗಾಳಿಯೇ ಕೊಳವೆಯ ತುದಿಯ ಸೋಸು ಕಾಗದದ ಮೂಲಕ ಹಾದು, ಹೊಗೆಯ ಕಣಗಳನ್ನು ಅಲ್ಲಿ ಬಿಟ್ಟುಹೋಗಬೇಕು. ಕಾಗದದ ತೂಕ ಎಷ್ಟು ಏರಿತೆಂಬುದರ ಮೇಲೆ ಲೆಕ್ಕ.

ಮೂರನೆಯ ದಿನದ ಕಾಗದ ಬೆಳ್ಳಗಿತ್ತು. "ನೋಡಿ, ನಾನು ಹೇಳ್ಲಿಲ್ವಾ?" ಎಂದರು ಮಾಲೀಕರು. ಗೆಳತಿ ನೇರವಾಗಿ ಮಾಸ್ಟರ ಹತ್ತಿರ ಹೋದಳು.

"ಅಣ್ಣಾ, ಮೊನ್ನೆ ಈ ಪಂಪು ಎಲ್ಲಿತ್ತು?"

ಅವರು ನಾಚಿಕೊಂಡರು. "ಬಿಚ್ಚಿ ಹೊರಗೆ ದೇವರ ಫೋಟೋದ ಹತ್ರ ತೂಗು ಹಾಕಿದ್ದೆ ಮೇಡಂ. ಹಿಟ್ಟು ಹಾರಿದ್ರೆ ಹಾಳಾಗ್ತದಲ್ಲ? ನಿಮ್ಮ ಸಾಮಾನು ಬೇರೆ."

"ಹಾಗಾದ್ರೆ ಅವತ್ತು ದೇವರು ಉಸಿರಾಡಿದ ಗಾಳಿ ಅಳೆದಿದ್ದೀವಿ. ನಿಮ್ದು ಬಾಕಿ ಇದೆ."

ಮಾಸ್ಟರು ಜೋರಾಗಿ ನಕ್ಕರು, ನಗು ಕೆಮ್ಮಾಯಿತು. ಅವಳು ಆ ದಿನವನ್ನು ಕಾರಣ ಸಮೇತ ಬರೆದಿಟ್ಟು ಲೆಕ್ಕದಿಂದ ಹೊರಗಿಟ್ಟಳು. ಇನ್ನೊಂದು ಚೀಟಿ ಎತ್ತಿಸಿದಳು.

ಅದು ಒಂದು ಭಾನುವಾರ. ಜನ ಬಾಗಿಲವರೆಗೆ ನಿಂತಿದ್ದರು. ಕಾವಲಿಯ ಮೇಲೆ ಎಣ್ಣೆ ಹೊತ್ತಿಕೊಂಡು ಅಡುಗೆಮನೆ ತುಂಬ ಹೊಗೆಯಾಯಿತು. ಸಂಜೆ ಕಪ್ಪಾದ ಕಾಗದವನ್ನು ಕಂಡು ನಾನು ಹಿಗ್ಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. "ಕರಪತ್ರಕ್ಕೆ ಇದೊಂದೇ ಸಾಕು" ಎಂದೆ.

"ಆ ಸಲಹೆಗಾರ ಒಳ್ಳೆ ಗಾಳಿ ಬೆರೆಸಿದ. ನೀನು ಕೆಟ್ಟ ದಿನ ಮಾತ್ರ ಹೆಕ್ತಿದ್ದೀಯ" ಎಂದಳು. "ಅವರು ಉಸಿರಾಡಿದ್ದು ಎಲ್ಲಾ ದಿನವೂ ಕಣೇ."

ಎರಡು ದಿನ ನಾನು ಅವಳೊಡನೆ ಮಾತಾಡಲಿಲ್ಲ.

ಅಳತೆ ಮುಗಿದ ಮೇಲೆ ಅವಳು ಮಾಲೀಕರ ಎದುರು, ಮಾಸ್ಟರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಹಾಳೆಗಳನ್ನು ಹರಡಿದಳು. ಅಳೆದ ದಿನಗಳು ಕೆಲವೇ. ಅವುಗಳ ಏರಿಳಿತವನ್ನು ನೋಡಿ, ಅಳೆಯದ ದಿನಗಳಲ್ಲಿ ಎಷ್ಟು ಸಲ ಹೊಗೆ ಸುರಕ್ಷಿತ ಮಿತಿಯನ್ನು ಮೀರಿರಬಹುದೆಂದು ಅಂದಾಜು ಮಾಡಬೇಕು. ಆ ಅಂದಾಜು ಎಷ್ಟು ಹಿಂದುಮುಂದಾಗಬಹುದೆಂಬುದನ್ನೂ ಮುಚ್ಚಿಡದೆ ಹೇಳಬೇಕು. ಅಂದಾಜಿನಲ್ಲಿ ಮಾಲೀಕರಿಗೆ ಅತ್ಯಂತ ಅನುಕೂಲವಾಗುವ ತುದಿಯನ್ನು ಹಿಡಿದರೂ, ಹೆಚ್ಚಿನ ದಿನಗಳು ಮಿತಿಯ ಆಚೆಗೇ ಬೀಳುತ್ತಿದ್ದವು.

"ಎಣ್ಣೆ ಹೊತ್ತಿದ ದಿನ ಬಿಟ್ಟುಬಿಡಿ" ಎಂದರು ಮಾಲೀಕರು.

"ಬಿಟ್ಟೂ ನೋಡಿದ್ದೀನಿ ಸರ್." ಎರಡನೆಯ ಹಾಳೆಯನ್ನು ಮುಂದೆ ಸರಿಸಿದಳು. ತೀರ್ಮಾನ ಬದಲಾಗಿರಲಿಲ್ಲ.

ನನ್ನ ಎಷ್ಟೋ ಭಾಷಣಗಳಿಗೆ ಸಿದ್ಧ ಉತ್ತರವಿದ್ದ ಮಾಲೀಕರು ಆ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಮತ್ತೆ ಓದಿದರು. ತನ್ನ ಪಕ್ಷಕ್ಕೂ ರಿಯಾಯಿತಿ ಕೊಡದ ಗೆಳತಿಯ ಪ್ರಾಮಾಣಿಕತೆಯ ಬಲವನ್ನು ನಾನು ಕಂಡದ್ದು ಅಂದು. ಕೊನೆಗೆ ಮಾಲೀಕರು ಹೇಳಿದರು: "ಹಾಗಾದ್ರೆ ಇವರನ್ನು ಊರಿಗೆ ಕಳಿಸ್ತೇನೆ. ರೆಸ್ಟ್ ತಗೊಳ್ಳಲಿ."

ಮಾಸ್ಟರು ಟವೆಲನ್ನು ಬಾಯಿಂದ ತೆಗೆದರು. "ಕೆಟ್ಟದ್ದು ಫ್ಯಾನಲ್ಲವಾ ಧಣಿ?"

 ಫ್ಯಾನು ಇನ್ನೂ ತಿರುಗುತ್ತಿಲ್ಲ, ಮಾಸ್ಟರು ಅಲ್ಲೇ ನಿಂತಿದ್ದಾರೆ. ಆದ್ದರಿಂದ ಮಾಲೀಕರೇ, ನಿಮ್ಮನ್ನೇ ಕೇಳಿಕೊಳ್ಳುತ್ತೇನೆ: ಈ ತಿಂಗಳು ಮುಗಿಯುವುದರೊಳಗೆ ಆ ಫ್ಯಾನನ್ನು ಸರಿಪಡಿಸಿ. ಆಮೇಲೆ ಅದೇ ಪಾತ್ರೆಯಿಂದ ಹೊಸ ತಾರೀಖುಗಳ ಚೀಟಿ ಎತ್ತಿಸಿ, ಕೊಳವೆಯನ್ನು ಮಾಸ್ಟರ ಕೊರಳಪಟ್ಟಿಯಲ್ಲಿಟ್ಟು ಮತ್ತೆ ಅಳೆಸಿ, ಬಂದ ಫಲಿತಾಂಶವನ್ನು ಕನ್ನಡದಲ್ಲೂ ತಮಿಳಿನಲ್ಲೂ ಅಡುಗೆಮನೆಯ ಗೋಡೆಗೆ ಅಂಟಿಸಿ. ಅಲ್ಲಿಯವರೆಗೆ ಅವರ ಕೆಲಸಕ್ಕೆ ಕುತ್ತು ತರಬೇಡಿ.