ರಕ್ತ ನೋಡುವ ಶಿವಪುತ್ರಣ್ಣ

ಶಿವಪುತ್ರಣ್ಣನ ಮೇಜಿನ ಮೇಲೆ, ಸೂಕ್ಷ್ಮದರ್ಶಕದ ಪಕ್ಕ, ಯಾವಾಗಲೂ ಕಾಳಿನ ಬಟ್ಟಲುಗಳಿರುತ್ತಿದ್ದವು: ಕಡಲೆ, ಹೆಸರು, ತೊಗರಿ, ಅಲಸಂದಿ. ಇದು ದವಾಖಾನೆಯೋ ಕಿರಾಣಿ ಅಂಗಡಿಯೋ ಎಂದು ಹೊಸಬರು ನಗುತ್ತಿದ್ದರು. ಗಾಜಿನ ಪಟ್ಟಿಗೆ ಸವರಿದ ರಕ್ತದಲ್ಲಿ ಬಿಳಿ ಕಣವೊಂದು ಕಂಡರೆ, ಕಣ್ಣೆತ್ತದೆಯೇ ಅದರ ಜಾತಿಗೆ ತಕ್ಕ ಕಾಳನ್ನು ತಟ್ಟೆಗೆ ಹಾಕುತ್ತಿದ್ದರು. ನೂರು ಕಾಳಾದ ಮೇಲೆ ಜಾತಿವಾರು ಎಣಿಸಿ ಬರೆಯುವುದು. ಅಲ್ಲಿಯವರೆಗೆ ಚಹಾ ಆರಿ ಹೋದರೂ ಮುಟ್ಟುತ್ತಿರಲಿಲ್ಲ.

ಅವರು ಧಾರವಾಡದ ಕಡೆಯವರು. ಕಾಗದದ ಕಾರ್ಖಾನೆಯ ಜನರ ಹಿಂದೆಯೇ ದಾಂಡೇಲಿಗೆ ಬಂದು, ನಾನು ನರ್ಸಾಗಿದ್ದ ಸಣ್ಣ ಖಾಸಗಿ ದವಾಖಾನೆಗೆ ಸೇರಿದ್ದರು. ನನಗೂ ರಕ್ತ ನೋಡಲು ಕಲಿಸಿದರು. ಐವತ್ತೇಳರ ಮಳೆಗಾಲದಲ್ಲಿ ಫ್ಲೂ ಹಬ್ಬಿದಾಗ, ಒಂದೇ ಮನೆಯ ಅಣ್ಣತಮ್ಮಂದಿರ ರಕ್ತದ ಪಟ್ಟಿಗಳನ್ನು ತೋರಿಸಿ ಹೇಳಿದರು:

"ನೋಡು ತಂಗಿ, ಜ್ವರ ಒಂದ, ಅದರ ಮ್ಯಾಲ ಮೈ ಎದ್ದು ನಿಂತ ರೀತಿ ಬ್ಯಾರೆ. ಫ್ಲೂದ ಹುಳ ಈ ಗಾಜಿನ್ಯಾಗ ಕಾಣಂಗಿಲ್ಲ. ಮೈ ಅದಕ್ಕ ಹೆಂಗ ಜವಾಬು ಕೊಡತೈತಿ ಅನ್ನೂದಷ್ಟ ಕಾಣತೈತಿ. ಈ ಬಿಳಿ ಕಣಕ್ಕ ಏಳು ಅಂತ ಹೇಳಾವ್ರು ಯಾರು? ರಕ್ತದಾಗ ನಮ್ಮದ ಯಾವುದೋ ಸತ್ವ ಇರಬೇಕು. ಒಬ್ಬೊಬ್ಬರದು ಒಂದೊಂದು ನಮೂನಿ."

ನಾನು ಒಳಗೊಳಗೇ ನಕ್ಕಿದ್ದೆ. ಅಂಥ ಸತ್ವ ನಿಜವಾಗಿಯೂ ಇದೆ, ಅದು ಪ್ರೋಟೀನು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ.

ಇನ್ನೊಂದು ಮಾತನ್ನೂ ಅವರು ಬಿಡದೆ ಹೇಳುತ್ತಿದ್ದರು. "ಬರೇ ಫ್ಲೂ ಇದ್ರ ತಟ್ಟ್ಯಾಗ ಕಡಲಿ, ಅಂದ್ರ ಕೀವಿನ ಕಣ, ಹೆಚ್ಚಾಗಂಗಿಲ್ಲ. ಕಡಲಿ ಏರಿತಂದ್ರ ಎದಿಯಾಗ ಬ್ಯಾರೆ ಏನೋ ಹೊಕ್ಕೈತಿ. ಡಾಕ್ಟರಿಗೆ ಓಡಿ ಹೋಗಿ ಹೇಳು."

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಪಟ್ಟಿಗಳು ನನ್ನ ಪಾಲಿಗೆ ಬಂದವು. ಆರು ನೋಡಿದೆ, ಆರೂ ಒಂದೇ ಥರ. ಏಳನೆಯದು ಸಾಂಬ್ರಾಣಿ ಎಂಬ ಹಳ್ಳಿಯ ಯಲ್ಲವ್ವನದು. ಕೂತು ಕೂತು ನನ್ನ ಸೊಂಟ ಬಿದ್ದು ಹೋಗಿತ್ತು, ಬೇಸರ ಬಂದಿತ್ತು. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಲೂ ಇಲ್ಲ. ಉಳಿದವರಿಗೆ ಬರೆದದ್ದನ್ನೇ ಬರೆದುಬಿಟ್ಟೆ. ಡಾಕ್ಟರರು ಗುಳಿಗೆ ಕೊಟ್ಟು ಅವಳನ್ನು ಊರಿಗೆ ಕಳಿಸಿದರು. ನಾಲ್ಕನೆಯ ದಿನ ಚಕ್ಕಡಿ ಗಾಡಿಯಲ್ಲಿ ಮಲಗಿಸಿ ತಂದರು. ನ್ಯುಮೋನಿಯಾ ಎದೆಯ ಎರಡೂ ಕಡೆ ಹಿಡಿದಿತ್ತು. ಮರುದಿನ ತೀರಿಕೊಂಡಳು.

ಶಿವಪುತ್ರಣ್ಣ ಅವಳ ಹಳೆಯ ಪಟ್ಟಿಯನ್ನು ಹುಡುಕಿ ತೆಗೆದು ನೋಡಿದರು. ತಟ್ಟೆಯ ತುಂಬ ಕಡಲೆಯೇ ಬಿತ್ತು.

"ನೀ ಇದನ್ನ ನೋಡಿದ್ಯೇನು ತಂಗಿ?"

"ನೋಡಿದ್ದೆರಿ ಅಣ್ಣಾ," ಎಂದೆ.

ಅವರು ಸಂಶಯಪಡಲೇ ಇಲ್ಲ. ನೇರವಾಗಿ ಡಾಕ್ಟರರ ಕೋಣೆಗೆ ಹೋದರು. "ತಪ್ಪು ನಂದರಿ. ಆಕಿಗೆ ಕಲಿಸೂದ್ರಾಗ ನಾ ಎಲ್ಲೋ ಎಡವೇನಿ," ಎಂದದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದೆ, ಬಾಯಿ ಬಿಡಲಿಲ್ಲ. ಆ ತಿಂಗಳೇ ಅವರನ್ನು ಕೆಲಸದಿಂದ ಬಿಡಿಸಿದರು. ಅವರ ಕುರ್ಚಿಯಲ್ಲಿ ನಾನು ಕೂತೆ. ಇಷ್ಟು ವರ್ಷಗಳ ಮೇಲೂ ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಬಹಳ ವರ್ಷಗಳಾದ ಮೇಲೆ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಮುಂಡಗೋಡದ ಕಡೆ ಹೊಸಬರಿಗೆ ಇದೇ ಕೆಲಸ ಕಲಿಸುತ್ತಿದ್ದರು. ಮನೆಯ ಸುದ್ದಿ, ಮಕ್ಕಳ ಸುದ್ದಿ ಎಲ್ಲ ಕೇಳಿ, ಮೆಲ್ಲಗೆ ಅಂದರು:

"ಆ ಸಾಂಬ್ರಾಣಿ ಹೆಣಮಗಳ ಪಟ್ಟಿ ನೆನಪೈತೇನು ತಂಗಿ? ಅದ್ರಾಗ ನಿನಗ ಯಾವ ಕಣ ಯಾವುದರಂಗ ಕಾಣಿಸ್ತು? ನಾ ಎಲ್ಲಿ ತಪ್ಪು ಕಲಿಸಿದ್ನೋ, ಇವತ್ತಿಗೂ ತಿಳಿದಿಲ್ಲ ನೋಡು."

ನಾನು ನೋಡಿಯೇ ಇರಲಿಲ್ಲ ಎನ್ನುವ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ನೆನಪಿಲ್ಲರಿ ಅಣ್ಣಾ."

"ಇರಲಿ ಬಿಡು. ಈಗ ಕಲಿಸೂವಾಗ ಆ ಪಾಠ ಎರಡೆರಡು ಸಲ ಹೇಳತೇನಿ," ಎಂದು ಮುಂಡಗೋಡದ ಬಸ್ಸು ಹತ್ತಿದರು. ಆಮೇಲೆ ಅವರು ನನಗೆ ಸಿಗಲಿಲ್ಲ.