ಕೆಂಪು ಗುಂಡಿಗೆ ಇಲ್ಲದ ಮಾತ್ರೆ

"ಬಿಪಿ ಇಷ್ಟೊಂದು ಏರಿದೆಯಲ್ಲಮ್ಮಾ, ಮಾತ್ರೆ ತಗೊಳ್ತಿಲ್ವಾ?" ಅರಸೀಕೆರೆಯ ವೈದ್ಯರು ನಮ್ಮತ್ತೆಯನ್ನು ಗದರಿದರು. ಬೆಳಿಗ್ಗೆಯಷ್ಟೇ ಅತ್ತೆ ಹಿತ್ತಲಲ್ಲಿ ತಲೆಸುತ್ತಿ ಬಿದ್ದಿದ್ದರು.

"ನಮ್ ಸೊಸೆ ತಂದಿದ್ ಶೀಟಲ್ಲಿ ಕೆಂಪು ಗುಂಡಿಗೆ ಚಿತ್ರ ಇರ್ಲಿಲ್ಲ ಸ್ವಾಮಿ. ಡೂಪ್ಲಿಕೇಟು ಅಂತ ತಿಪ್ಪೆಗೆ ಎಸ್ದೆ!"

ನನಗೆ ಮೈಯೆಲ್ಲ ಉರಿಯಿತು. ಹಳೆಯದು ಸಿಗದೆ ಬೇರೆ ಕಂಪನಿಯದು ತಂದಿದ್ದೆ, ಔಷಧಿ ಅದೇ. ವೈದ್ಯರೂ ಹಾಗೆಂದೇ ಹೇಳಿದರು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಅಂಗಡಿ ಅಂಗಡಿ ಅಲೆದು ಚಿತ್ರವಿರುವ ಶೀಟನ್ನೇ ತಂದೆ. ಒಂದು ಮಾತ್ರೆ ನುಂಗಿದವರು, ನಮ್ಮೂರು ಕಣಕಟ್ಟೆಯ ಬಸ್ಸು ಹೊರಡುವ ಮೊದಲೇ, "ನೋಡು, ತಲೆ ಹಗುರಾಯ್ತು" ಎಂದರು!

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅಕ್ಷರ ಬಾರದ ಅತ್ತೆಗೆ ಔಷಧಿಯ ಹೆಸರೆಂದರೆ ಆ ಚಿತ್ರವೇ. ಕಂಪನಿಯವರು ನಾಳೆ ಅದನ್ನೂ ಬದಲಿಸಿಬಿಟ್ಟರೆ ನನ್ನ ಗತಿಯೇನು?